ಮೊದಲು ಮದ್ದು, ಆಮೇಲೆ ಸೂಜಿ

ನಮ್ಮ ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳಿಗೆ ಕಂಡರಾಗದ ಮುಖ ಯಾವುದು ಅಂತ ಕೇಳಿದರೆ ಯಾರೂ ಯೋಚನೆ ಮಾಡಬೇಕಾಗಿಲ್ಲ, ಸೂಜಿಯಕ್ಕನದು. ಡಾಕ್ಟರನ್ನು ಕಂಡು ಅರ್ಧ ಮಕ್ಕಳು ಅಳುತ್ತವೆ, ಇನ್ನರ್ಧ ಅವರ ಕುತ್ತಿಗೆಯ ಕೊಳವೆ ಹಿಡಿದು ಜಗ್ಗುತ್ತವೆ. ನರ್ಸುಗಳ ಜೇಬಲ್ಲಿ ಸ್ಟಿಕ್ಕರ್ ಇರುತ್ತವೆ. ನೆಲ ಒರೆಸುವವನ ಬಕೆಟ್ಟಿಗೆ ಚಕ್ರ ಇದೆ, ಹಾಗಾಗಿ ಅವನಂತೂ ಮಕ್ಕಳ ಪಾಲಿಗೆ ರಾಜ. ಸೂಜಿಯಕ್ಕನ ಹತ್ತಿರ ಇರುವುದು ಒಂದು ಕಿಟಕಿ, ಎರಡು ಕುರ್ಚಿ, ಒಂದು ಟ್ರೇ ತುಂಬ ಸೂಜಿ. ಇಪ್ಪತ್ತಾರು ವರ್ಷದಿಂದ ಅವಳು ಅಲ್ಲಿ ಕೂತು ಮಕ್ಕಳ ರಕ್ತ ತೆಗೆಯುತ್ತಿದ್ದಾಳೆ. ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ.

ನಾನು ಯಾರು ಅಂದರೆ, ಅವಳು ತೆಗೆದ ರಕ್ತವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕಣ ಎಣಿಸುವವನು. ಅವಳ ಕೋಣೆಗೂ ನನ್ನ ಲ್ಯಾಬಿಗೂ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಗೂಡು. ಟ್ಯೂಬುಗಳು ಆ ಗೂಡಿನಿಂದಲೇ ನನ್ನ ಕಡೆ ಬರುತ್ತವೆ, ಅವುಗಳ ಜೊತೆ ಮಕ್ಕಳ ಅಳುವೂ ಬರುತ್ತೆ. ನನ್ನನ್ನು ಎಲ್ಲರೂ ಎಣಿಕೆಯಪ್ಪ ಅಂತಾರೆ. ಕೋಪ ಮೂಗಿನ ತುದೀಲೇ ಇರುತ್ತೆ ಅಂತಲೂ ಅಂತಾರೆ. ಅಂದುಕೊಳ್ಳಲಿ. ನೂರು ಕಣ ಎಣಿಸಬೇಕಾದವನನ್ನು ಎಂಬತ್ತೇಳರಲ್ಲಿ ತಡೆದು, ಊಟ ಆಯ್ತಾ ಅಂತ ಕೇಳಿದರೆ ಅವನೇನು ಮುತ್ತು ಕೊಡಬೇಕಾ?

ಸೂಜಿಯಕ್ಕನ ಕೈ ಹೇಗೆ ಅಂದರೆ, ದೊಡ್ಡವರಿಗೇ ಸಿಗದ ನರ ಅವಳಿಗೆ ಎಂಟು ತಿಂಗಳ ಕೂಸಿನಲ್ಲಿ ಸಿಗುತ್ತೆ. ಕಣ್ಣಿಂದ ಹುಡುಕುವವಳಲ್ಲ ಅವಳು, ಬೆರಳಿಂದ ಹುಡುಕುತ್ತಾಳೆ. ತೊಡೆಯ ಮೇಲೆ ಸದಾ ಒಂದು ಬಿಸಿನೀರಿನ ಚೀಲ. ಮಗುವಿನ ಕೈ ಮುಟ್ಟುವ ಮುಂಚೆ ತನ್ನ ಕೈಯನ್ನು ಅದರ ಮೇಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಮಕ್ಕಳಿಗೆ "ನೋಯಲ್ಲ" ಅಂತ ಒಂದು ದಿನವೂ ಹೇಳಿದವಳಲ್ಲ. ನೋಯುತ್ತೆ, ಐದು ಎಣಿಸುವಷ್ಟು ಹೊತ್ತು ನೋಯುತ್ತೆ, ಆಮೇಲೆ ಮುಗೀತು, ಅಂತಾಳೆ. ಐದರ ಮೇಲೆ ಆರು ಆಗಿದ್ದನ್ನು ನಾನು ಕೇಳಿರಲಿಲ್ಲ. ಎಣಿಕೆ ವಿಷಯದಲ್ಲಿ ನನ್ನ ಕಿವಿಗೆ ಮೋಸ ಮಾಡೋಕಾಗಲ್ಲ.

ಇಷ್ಟು ಮಾಡಿದರೂ ಏನು ಪ್ರಯೋಜನ? ಮಕ್ಕಳಿಗೆ ನೆನಪಿರುವುದು ಸೂಜಿ. ಅಂಗಡಿ ಬೀದಿಯಲ್ಲಿ ಅವಳು ಎದುರಾದರೆ ಮಕ್ಕಳು ಅಪ್ಪ ಅಮ್ಮಂದಿರ ಕಾಲಿನ ಹಿಂದೆ ಸೇರಿಕೊಳ್ಳುತ್ತವೆ. ಒಂದು ಸಲ ಬಸ್ಸಿನಲ್ಲಿ ಒಂದು ಹುಡುಗ ಅವಳ ಮುಖ ನೋಡಿದ್ದೇ ತಡ, ತೋಳನ್ನು ಅಂಗಿಯೊಳಗೆ ಎಳೆದುಕೊಂಡು ಊರೆಲ್ಲ ಕೇಳುವ ಹಾಗೆ ಅತ್ತನಂತೆ. ಅವಳು ಮುಂದಿನ ಸ್ಟಾಪಿನಲ್ಲಿ ಇಳಿದು ಮನೆಗೆ ನಡೆದುಕೊಂಡು ಹೋದಳು. ಆಮೇಲಿಂದ ಶಾಲೆ ಬಿಡುವ ಹೊತ್ತಿನ ಬಸ್ಸನ್ನೇ ಬಿಟ್ಟಳು. ಇದನ್ನು ನನಗೆ ನಗುನಗುತ್ತಾ ಹೇಳಿದ್ದಳು. ನಾನೂ ನಕ್ಕೆ, ದರಿದ್ರ ಬುದ್ಧಿ ನಂದು.

ಮನೆ ಅಂದರೆ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಒಂದು ಅಡುಗೆಯ ಮೂಲೆ. ಮದುವೆ ಆಗಲಿಲ್ಲ. ಅಪ್ಪ ಅಮ್ಮ ಬೇಗ ಹೋದರು, ತಮ್ಮನನ್ನು ಓದಿಸಿ ದಡ ಸೇರಿಸುವಷ್ಟರಲ್ಲಿ ಇವಳ ವಯಸ್ಸು ಹೋಯಿತು. ತಮ್ಮ ಒಳ್ಳೆಯವನೇ, ಅವನ ಹೆಂಡತಿಯೂ ಕೆಟ್ಟವಳಲ್ಲ. ಅವರ ಮಗನಿಗೆ ಎರಡು ವರ್ಷ ಇದ್ದಾಗ ಜ್ವರ ಬಂದು ಆಸ್ಪತ್ರೆಗೆ ತಂದರು. ಬೇರೆ ಯಾರೂ ಬೇಡ, ನೀನೇ ತೆಗೆಯಕ್ಕ, ನಿನ್ನ ಕೈ ಹಗುರ ಅಂತ ತಮ್ಮ ಹಟ ಹಿಡಿದ. ತೆಗೆದಳು. ಅವತ್ತಿನಿಂದ ಆ ಮಗು ಅತ್ತೆಯನ್ನು ಕಂಡರೆ ಕಿಟಾರನೆ ಕಿರುಚುತ್ತೆ. ಒಂದಿನ ತಮ್ಮನ ಹೆಂಡತಿ, ಬಹಳ ಸಂಕೋಚದಿಂದಲೇ, ಅವನು ಮಲಗಿದ್ದಾಗ ಬನ್ನಿ ಅತ್ತಿಗೆ ಅಂದಳಂತೆ. ಹಾಗಾಗಿ ಇವಳು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಹೋಗುತ್ತಾಳೆ, ಮಲಗಿದ ಮಗುವನ್ನು ಬಾಗಿಲಲ್ಲಿ ನಿಂತು ನೋಡುತ್ತಾಳೆ, ಮೂರೂವರೆಗೆ ಅದು ಏಳುವ ಮುಂಚೆ ಚಪ್ಪಲಿ ಮೆಟ್ಟುತ್ತಾಳೆ. ಆ ಮಗುವಿಗೆ ಈಗ ಐದು ವರ್ಷ. ಅದರ ಕಣ್ಣಿನ ಬಣ್ಣ ನನಗೆ ಮರೆತೇ ಹೋಗಿದೆ ಕಣಪ್ಪ ಅಂತ ಒಂದು ಸೋಮವಾರ ನನ್ನ ಹತ್ತಿರ ಅಂದಳು.

ಇಷ್ಟೆಲ್ಲದರ ನಡುವೆ ಒಂದೇ ಒಂದು ಮಗು ಅವಳಿಗೆ ಹೆದರುತ್ತಿರಲಿಲ್ಲ. ಆರು ವರ್ಷದ ಹುಡುಗಿ, ಆಸ್ತಮಾ ಇತ್ತು. ಉಸಿರು ಸರಿ ಇದ್ದ ದಿನ ಬಾಯಿಗೆ ಬೀಗ ಇಲ್ಲದ ಹಾಗೆ ಮಾತಾಡುತ್ತಿದ್ದಳು, ಅದಕ್ಕೆ ನಾನು ಮಾತಿನಮಲ್ಲಿ ಅಂತ ಹೆಸರಿಟ್ಟೆ. ಗೂಡಿನ ಈಚೆಯಿಂದ ಬರೀ ದನಿ ಕೇಳಿಯೇ ಇಟ್ಟ ಹೆಸರು ಅದು. ಸೂಜಿಯಕ್ಕನನ್ನು ಅವಳು ಅಜ್ಜಿ ಅನ್ನುತ್ತಿದ್ದಳು. ಇವತ್ತು ಎಡಗೈ ತಗೋ ಅಜ್ಜಿ, ಬಲಗೈಗೆ ಹೋದ ಸಲ ಆಯ್ತು ಅಂತ ತಾನೇ ತೋಳು ಚಾಚುತ್ತಿದ್ದಳು. ಅವಳು ಬಂದ ದಿನ ಸೂಜಿಯಕ್ಕ ಮಧ್ಯಾಹ್ನದ ಊಟದಲ್ಲಿ ನನಗೂ ಒಂದು ತುತ್ತು ಹೆಚ್ಚಿಗೆ ಬಡಿಸುತ್ತಿದ್ದಳು.

ಈಗ ವಿಷಯಕ್ಕೆ ಬರ್ತೀನಿ.

ನಮ್ಮಲ್ಲಿ ಉಸಿರಿನ ಕಾಯಿಲೆ ನೋಡುವ ಒಬ್ಬ ಡಾಕ್ಟರಮ್ಮ ಇದ್ದಾರೆ. ಅವರದು ಒಂದು ಹಳೇ ತಲೆನೋವು. ಒಂದು ಮಗುವಿನ ಆಸ್ತಮಾ ಎಷ್ಟು ಜೋರಾಗಿದೆ ಅಂತ ಅಳೆಯೋದು ಹೇಗೆ? ದೊಡ್ಡವರಾದರೆ ಮೆಷಿನ್ನಿಗೆ ಊದಿಸಬಹುದು, ಸಣ್ಣ ಮಕ್ಕಳಿಗೆ ಊದೋಕೆ ಬರಲ್ಲ. ಅಪ್ಪ ಅಮ್ಮನನ್ನು ಕೇಳಿದರೆ ಕೆಲವರು ಇರುವೆಯನ್ನು ಆನೆ ಮಾಡ್ತಾರೆ, ಕೆಲವರು ಮದ್ದಿನ ಭಯಕ್ಕೆ ಇರೋದನ್ನೂ ಮುಚ್ಚಿಡ್ತಾರೆ. ರಕ್ತ ಹಾಗಲ್ಲ, ಅದಕ್ಕೆ ಮುಲಾಜಿಲ್ಲ. ಬಿಳಿ ರಕ್ತಕಣಗಳಲ್ಲಿ ಇಯೋಸಿನೋಫಿಲ್ ಅಂತ ಒಂದು ಜಾತಿ, ಬಣ್ಣ ಹಾಕಿದರೆ ಹೊಟ್ಟೆ ತುಂಬ ಕಿತ್ತಳೆ ಬಣ್ಣದ ಕಾಳು ತುಂಬಿಕೊಂಡಿರುತ್ತೆ. ಸಾಮಾನ್ಯ ಮಗುವಿನಲ್ಲಿ ನೂರು ಬಿಳಿ ಕಣಕ್ಕೆ ಎರಡೋ ಮೂರೋ ಸಿಗುತ್ತೆ. ಅಲರ್ಜಿಯ ಆಸ್ತಮಾ ಇರುವ ಎಷ್ಟೋ ಮಕ್ಕಳಲ್ಲಿ ಎಂಟು, ಹತ್ತು, ಹದಿನೈದು. ಈ ಲೆಕ್ಕ ನೋಡಿ ಕಾಯಿಲೆಯ ಜೋರು ಹೇಳಬಹುದಾ, ಯಾವ ಮಗುವಿಗೆ ಮದ್ದು ಏರಿಸಬೇಕು, ಯಾವುದಕ್ಕೆ ಇಳಿಸಬಹುದು ಅಂತ ಗೊತ್ತುಮಾಡಬಹುದಾ ಅನ್ನೋದು ಡಾಕ್ಟರಮ್ಮನ ಅಧ್ಯಯನ. ಇನ್ನೂರು ಮಕ್ಕಳ ರಕ್ತ ಬೇಕು ಅಂದರು. ಮೆಷಿನ್ ಎಣಿಸಿದ್ದು ಸಾಲದು, ಎಣಿಕೆಯಪ್ಪನ ಕಣ್ಣೂ ಬೇಕು ಅಂದರು. ನಾನು ಸ್ವಲ್ಪ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಒಂದೇ ಒಂದು ಕಟ್ಟುನಿಟ್ಟು ಇತ್ತು. ಉಸಿರುಗಟ್ಟಿ ಬಂದ ಮಗುವಿಗೆ ಮಾಸ್ಕ್ ಹಾಕಿ ಹಬೆಯ ಮದ್ದು ಕೊಡಬಹುದು, ಅದನ್ನು ಒಂದು ನಿಮಿಷವೂ ತಡೆಯಬಾರದು. ಆದರೆ ಅದರ ಜೊತೆ ಕೊಡುವ ಸ್ಟೀರಾಯ್ಡ್ ಸಿರಪ್ ಮಾತ್ರ ರಕ್ತ ತೆಗೆದ ಮೇಲೇ. ಆ ಸಿರಪ್ ಹೊಟ್ಟೆಗೆ ಹೋದ ನಾಲ್ಕಾರು ಗಂಟೆಯಲ್ಲಿ ಕಿತ್ತಳೆ ಕಾಳಿನ ಕಣಗಳು ರಕ್ತದಿಂದ ಮಾಯವಾಗಿಬಿಡುತ್ತವೆ. ಇದನ್ನು ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. ಸೂಜಿಯಕ್ಕನೂ ಇದ್ದಳು, ತಲೆಯಾಡಿಸಿದಳು.

ಏಳು ತಿಂಗಳಲ್ಲಿ ನೂರಹತ್ತು ಮಕ್ಕಳ ಲೆಕ್ಕ ಆಯಿತು. ಡಾಕ್ಟರಮ್ಮ ಅದನ್ನೆಲ್ಲ ಸಾಲಾಗಿ ಜೋಡಿಸಿ ನೋಡಿದರೆ ತಲೆಕೆಳಗು. ಆರಾಮಾಗಿ ಆಟ ಆಡಿಕೊಂಡು ಬಂದ ಮಕ್ಕಳಲ್ಲಿ ಒಂಬತ್ತು, ಹತ್ತು. ಉಸಿರಿಗೆ ಒದ್ದಾಡಿಕೊಂಡು ಬಂದವರಲ್ಲಿ ಸೊನ್ನೆ, ಒಂದು, ಸೊನ್ನೆ. ಅಲರ್ಜಿ ತೋರಿಸುವ ಇನ್ನೊಂದು ರಕ್ತ ಪರೀಕ್ಷೆ ಆ ಮಕ್ಕಳಲ್ಲೇ ಆಕಾಶಕ್ಕೇರಿತ್ತು. ಡಾಕ್ಟರಮ್ಮ ನನ್ನ ಲ್ಯಾಬಿಗೆ ಬಂದು, ಮೆಲ್ಲಗೆ, ಎಣಿಕೆಯಲ್ಲಿ ಏನಾದರೂ ಹೆಚ್ಚುಕಮ್ಮಿ ಆಗಿರಬಹುದಾ ಅಂತ ಕೇಳಿದರು.

ಕೆಂಡಾಮಂಡಲ ಆಗಿಬಿಟ್ಟೆ. ಹತ್ತೊಂಬತ್ತು ವರ್ಷ, ಮೇಡಂ, ಅಂದೆ. ಹತ್ತೊಂಬತ್ತು ವರ್ಷದಿಂದ ಈ ಸ್ಟೂಲಿನ ಮೇಲೆ ಕೂತು ನನ್ನ ಬೆನ್ನು ಕೊಕ್ಕೆಯಾಗಿದೆ, ಕಿತ್ತಳೆಗೂ ನೇರಳೆಗೂ ವ್ಯತ್ಯಾಸ ಗೊತ್ತಾಗದಷ್ಟು ಕಣ್ಣು ಇನ್ನೂ ಹೋಗಿಲ್ಲ ಅಂದೆ. ಅವರು ಹೋದ ಮೇಲೆ, ಕಾಯಿಲೆ ಜೋರಾಗಿದ್ದ ಮೂವತ್ತೆಂಟು ಮಕ್ಕಳ ಗಾಜು ತೆಗೆದು ಎರಡು ದಿನ ಮತ್ತೆ ಎಣಿಸಿದೆ. ಅದೇ ಸೊನ್ನೆ, ಅದೇ ಒಂದು. ಬಣ್ಣವನ್ನು ಬೈದೆ, ಟ್ಯೂಬನ್ನು ಬೈದೆ, ಸಂಬಂಧವೇ ಇಲ್ಲದ ಫ್ಯಾನನ್ನೂ ಬೈದೆ. ಟ್ಯೂಬಿನ ಚೀಟಿಗಳನ್ನೂ ನೋಡಿದೆ. ಒಂಬತ್ತು ಹತ್ತು, ಒಂಬತ್ತು ಇಪ್ಪತ್ತು, ಎಲ್ಲ ಬೆಳಗಿನ ಹೊತ್ತು. ಸಿರಪ್ ಕೊಟ್ಟ ಹೊತ್ತು ನರ್ಸಿನ ಪುಸ್ತಕದಲ್ಲಿ ಒಂಬತ್ತೂವರೆ. ಎಲ್ಲ ಸರಿಯಾಗೇ ಇತ್ತು.

ಎರಡನೇ ದಿನ ತಲೆ ಚಿಟ್ಟು ಹಿಡಿದು, ಮಧ್ಯಾಹ್ನ ಒಂದೂವರೆಗೆ ಊಟದ ಡಬ್ಬಿ ಎತ್ತಿಕೊಂಡು ಸೂಜಿಯಕ್ಕನ ಕೋಣೆಗೇ ಹೋಗಿ ಕೂತೆ. ನಾನು ಸಾಮಾನ್ಯವಾಗಿ ಆ ಕಡೆ ಹೋಗುವವನಲ್ಲ, ಅವಳೇ ಡಬ್ಬಿ ಹಿಡಿದು ನನ್ನ ಕಡೆ ಬರುವುದು. ನಾನು ಮುಚ್ಚಳ ತೆಗೆಯುವಷ್ಟರಲ್ಲಿ ಒಬ್ಬ ತಾಯಿ ಮೂರು ವರ್ಷದ ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಮಗು ಅರೆನಿದ್ದೆಯಲ್ಲಿತ್ತು, ಉಸಿರು ಸರಾಗ. ಅಕ್ಕ ಚೀಲದ ಮೇಲೆ ಕೈ ಕಾಯಿಸಿಕೊಂಡು ರಕ್ತ ತೆಗೆದಳು. ಮಗು ಒಂದು ಸಲ ಮುಖ ಹಿಂಡಿ ಮತ್ತೆ ನಿದ್ದೆಗೆ ಜಾರಿತು. ಅಕ್ಕ ಟ್ಯೂಬಿಗೆ ಚೀಟಿ ಅಂಟಿಸಿದಳು. ಒಂಬತ್ತು ಗಂಟೆ ಐದು ನಿಮಿಷ.

ಇದರಲ್ಲಿ ನನಗೆ ಆಶ್ಚರ್ಯ ಆಗಲಿಲ್ಲ, ಅದೇ ತಮಾಷೆ. ನಮ್ಮಲ್ಲಿ ಟ್ಯೂಬಿನ ಚೀಟಿಯ ಮೇಲೆ ಇರುವುದು ಟೋಕನ್ ಕೊಟ್ಟ ಹೊತ್ತು, ಚುಚ್ಚಿದ ಹೊತ್ತಲ್ಲ. ಬಹಳ ಹಿಂದೆ ಸರದಿಯ ವಿಷಯಕ್ಕೆ ಇಬ್ಬರು ಅಪ್ಪಂದಿರು ಕಾಲರ್ ಹಿಡಿದುಕೊಂಡಾಗ ಶುರುವಾದ ಪದ್ಧತಿ ಅದು. ಟೋಕನ್ ಹರಿದಾಗಲೇ ಚೀಟಿಯೂ ಹರಿಯುತ್ತೆ, ನಾನೂ ಅದನ್ನೇ ನನ್ನ ಪುಸ್ತಕಕ್ಕೆ ಇಳಿಸುತ್ತೇನೆ. ಹತ್ತಿಪ್ಪತ್ತು ನಿಮಿಷದ ವ್ಯತ್ಯಾಸ ಯಾರಿಗೆ ಏನಾಗಬೇಕು ಅಂತ. ಟ್ಯೂಬುಗಳು ಗೂಡಿನಲ್ಲಿ ಗುಂಪಾಗಿ ಬಿದ್ದಿರುತ್ತವೆ, ಯಾವುದು ಎಷ್ಟು ಹೊತ್ತಿಗೆ ಬಂತು ಅಂತ ನಾನು ನೋಡಿದವನಲ್ಲ. ಹೊಸದಾಗಿ ಬಂದ ಡಾಕ್ಟರಮ್ಮನಿಗೆ ಇದು ಗೊತ್ತಿರಲಿಲ್ಲ, ನಮಗೆ ಹೇಳಬೇಕು ಅಂತ ಹೊಳೆಯಲಿಲ್ಲ. ಡಬ್ಬಿಗೆ ಕೈ ಹಾಕಿದೆ. ಆಮೇಲೆ ಆ ಮಗುವಿನ ಬಾಯಿಯ ಅಂಚು ಕಣ್ಣಿಗೆ ಬಿತ್ತು. ಸಿರಪ್ಪಿನ ಗುಲಾಬಿ ಕಲೆ, ಒಣಗಿ ಗಟ್ಟಿಯಾಗಿತ್ತು.

ತಾಯಿ ಹೊರಗೆ ಹೋಗುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಬಾಯಿಗೆ ಬಂದ ಹಾಗೆ ಕೂಗಾಡಿದೆ. ಅಕ್ಕ ಟ್ಯೂಬನ್ನು ಗೂಡಿನಲ್ಲಿಟ್ಟಳು. ನನ್ನ ಕೂಗು ಮುಗಿದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹನ್ನೊಂದು ವರ್ಷದ ಹಿಂದೆ, ಉಸಿರಿಗೆ ಒದ್ದಾಡುತ್ತಿದ್ದ ಒಂದು ಹುಡುಗನಿಗೆ ಸೂಜಿ ಚುಚ್ಚಿದಳಂತೆ. ಅವನು ಅತ್ತ, ಅಳುತ್ತಾ ಅಳುತ್ತಾ ಇದ್ದ ಉಸಿರೂ ಸಿಕ್ಕಿಕೊಂಡಿತು, ತುಟಿ ನೀಲಿಯಾಯಿತು, ಅವಳ ತೋಳಲ್ಲೇ ಕುಸಿದ. ಐಸಿಯುನಲ್ಲಿ ನಾಲ್ಕು ದಿನ ಇದ್ದು ಬದುಕಿಕೊಂಡ. ಆ ನಾಲ್ಕು ದಿನ ಇವಳು ಊಟ ಮಾಡಲಿಲ್ಲ. ಅಂದಿನಿಂದ ಜೋರಾಗಿ ಉಬ್ಬಸ ಬಂದ ಮಗು ಕಿಟಕಿಗೆ ಬಂದರೆ, ಮೊದಲು ಮದ್ದು, ಆಮೇಲೆ ಸೂಜಿ. ಪಕ್ಕದ ಕೋಣೆಗೆ ಕಳಿಸಿಬಿಡುತ್ತಾಳೆ. ನರ್ಸು ಬಾಗಿಲಿಂದ ಇಣುಕಿ ರಕ್ತ ಆಯ್ತಾ ಅಂದರೆ ಆಯ್ತು ಅಂತ ತಲೆಯಾಡಿಸುತ್ತಾಳೆ. ಮಗು ಸುಧಾರಿಸಿಕೊಂಡು ಮಲಗಿ, ಎದ್ದು, ಮಧ್ಯಾಹ್ನ ಬಂದಾಗ ತೆಗೆಯುತ್ತಾಳೆ. ಡಾಕ್ಟರಮ್ಮ ಹೇಳಿದ ಮೇಲೂ ಅದನ್ನು ಬಿಡೋಕಾಗಲಿಲ್ಲ. ಒಂದು ಹನಿ ಹೆಚ್ಚೋ ಕಮ್ಮಿಯೋ ಬಂದೀತು, ಅಷ್ಟೇ ತಾನೆ ಅಂದುಕೊಂಡಿದ್ದಳು.

ಅಂದರೆ ಕಾಯಿಲೆ ಜೋರಾಗಿದ್ದ ಮಕ್ಕಳದ್ದೇ ರಕ್ತ ಸಿರಪ್ಪಿನ ನಂತರದ್ದು. ಕರುಣೆ ಹೆಚ್ಚು ಸಿಕ್ಕ ಮಗುವಿನ ಲೆಕ್ಕವೇ ಹೆಚ್ಚು ಸುಳ್ಳು. ಟೋಕನ್ ಚೀಟಿ ಆ ಸುಳ್ಳಿನ ಮೇಲೆ ನೀಟಾಗಿ ಕೂತಿತ್ತು, ನನ್ನ ಕೈಬರಹದಲ್ಲೂ.

ಅಕ್ಕ ಟ್ರೇಯನ್ನು ಪಕ್ಕಕ್ಕೆ ಸರಿಸಿ ಕೇಳಿದಳು, "ಮಾತಿನಮಲ್ಲಿದು ಎಷ್ಟು ಬಂದಿತ್ತು?"

ಅವಳದು ಸೊನ್ನೆ. ಸೊನ್ನೆ ಅಂತ ಬರೆದು ಕಳಿಸಿದವನು ನಾನೇ. ಎರಡು ತಿಂಗಳ ಹಿಂದೆ ಉಬ್ಬಸದಲ್ಲಿ ಬಂದಿದ್ದ ದಿನದ ಗಾಜು ಅದು. ಅವಳ ಅಮ್ಮನಿಗೆ ದಿನಾ ಎಳೆಯುವ ಇನ್ಹೇಲರ್ ಅಂದರೆ ಮೊದಲಿಂದಲೂ ಭಯ, ಮಗಳು ಕುಳ್ಳಿ ಆಗಿಬಿಡ್ತಾಳೆ ಅಂತ. ನಡುವೆ ಹುಡುಗಿ ಆರಾಮಾಗಿಯೂ ಇದ್ದಳು. ಅಮ್ಮ ಗೋಗರೆದಳು, ಡಾಕ್ಟರಮ್ಮ ಆ ಸೊನ್ನೆ ನೋಡಿದರು, ಹೋದ ತಿಂಗಳು ಮದ್ದನ್ನು ಅರ್ಧಕ್ಕೆ ಇಳಿಸಿದರು. ಅಮ್ಮ ಇದೇ ಕಿಟಕಿಗೆ ಬಂದು, ರಕ್ತ ಚೆನ್ನಾಗಿದೆಯಂತೆ ಅಂತ ಸಂತೋಷದಿಂದ ಹೇಳಿ ಹೋಗಿದ್ದಳು.

ಅಕ್ಕ ಎದ್ದಳು. ನಾನೂ ಬರ್ತೀನಿ, ಟೋಕನ್ ಹೊತ್ತನ್ನು ಬರೆದವನು ನಾನೂ ಹೌದಲ್ಲ ಅಂದೆ. ಕೂತ್ಕೋ, ಊಟ ಮಾಡು ಅಂದಳು. ಒಬ್ಬಳೇ ಮೆಟ್ಟಿಲು ಹತ್ತಿದಳು. ನಾನು ಕೂತುಕೊಂಡೆ. ಇವತ್ತಿಗೂ ಅದು ನನಗೆ ನಾಚಿಕೆ.

ಮೇಲೆ ಏನಾಯಿತು ಅಂತ ಆಮೇಲೆ ಡಾಕ್ಟರಮ್ಮನೇ ಹೇಳಿದರು. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದಳಂತೆ, ಆ ಹುಡುಗನ ಕಥೆಯನ್ನು ಮಾತ್ರ ಬಿಟ್ಟು. ಅದನ್ನು ಹೇಳಿದರೆ ನೆಪ ಹೇಳಿದ ಹಾಗಾಗುತ್ತೆ ಅಂತ ಅವಳ ಲೆಕ್ಕ. ಡಾಕ್ಟರಮ್ಮನಿಗೆ ಸಿಟ್ಟು ಬಂತು, ಬರಬೇಕಾದ್ದೇ. ಏಳು ತಿಂಗಳ ಕೆಲಸದಲ್ಲಿ ಜೀವಾಳವಾದ ಭಾಗ ಕಸದ ಬುಟ್ಟಿಗೆ ಹೋಯಿತು. ಆದರೆ ಮೊದಲು ಮಾಡಿದ ಕೆಲಸ ಮಾತಿನಮಲ್ಲಿಯ ಮನೆಗೆ ಫೋನು. ಮದ್ದು ಮೊದಲಿನಷ್ಟೇ ಕೊಡಿ ಅಂದರು. ಅಮ್ಮನಿಗೆ ಅದು ಇಷ್ಟವಾಗಲಿಲ್ಲ. ನಿಮ್ಮ ರಕ್ತ ಪರೀಕ್ಷೆಯೇ ಚೆನ್ನಾಗಿದೆ ಅಂದಿತ್ತಲ್ಲ, ಈಗ ಮತ್ತೆ ಯಾಕೆ, ಸರಿಯಾದ ಲೆಕ್ಕ ತೋರಿಸಿ, ಆಮೇಲೆ ಕೊಡ್ತೀನಿ ಅಂದಳಂತೆ. ಅವಳನ್ನು ತಪ್ಪು ಅನ್ನೋಕೆ ನಮಗೆ ಬಾಯಿ ಎಲ್ಲಿತ್ತು.

ಡಾಕ್ಟರಮ್ಮ ಸೋಮವಾರ ಬಂದು ರಕ್ತ ಕೊಡಿ ಅಂತ ಒಪ್ಪಿಸಿದ್ದರು. ಸೋಮವಾರದವರೆಗೆ ಕಾಯೋಕಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅಪ್ಪ ಹುಡುಗಿಯನ್ನು ಎತ್ತಿಕೊಂಡು ಓಡಿ ಬಂದ. ಅವತ್ತು ನಾನು ಗೂಡಿನ ಈಚೆ ಕೂರಲಿಲ್ಲ, ಬಾಗಿಲಿಗೆ ಹೋಗಿ ನಿಂತೆ. ಮೊದಲ ಸಲ ಅವಳ ಮುಖ ನೋಡಿದ್ದು. ಕುತ್ತಿಗೆಯ ಗುಳಿ ಒಳಗೆ ಹೋಗುತ್ತಿತ್ತು, ಭುಜ ಕಿವಿ ಮುಟ್ಟುತ್ತಿತ್ತು. ಒಂದು ಮಾತಿಲ್ಲ.

ಡಾಕ್ಟರಮ್ಮ ಬಂದು ಮಾಸ್ಕ್ ಹಾಕಿ ಹಬೆ ಶುರು ಮಾಡಿದರು. ಸಿರಪ್ ಕುಡಿಸೋ ಮುಂಚೆ ಎರಡು ನಿಮಿಷ ಇದೆ, ರಕ್ತ ಈಗಲೇ ಬೇಕು, ಬೇರೆಯವರು ತೆಗೀಲಿ ಅಂದರು. ಅಕ್ಕನ ಪಕ್ಕದ ಎರಡನೇ ಕುರ್ಚಿಯಲ್ಲಿ ರಕ್ತ ತೆಗೆಯೋಕೆ ಹೊಸದಾಗಿ ಸೇರಿದ್ದ ಹೆಂಗಸು ಮುಂದೆ ಬಂದು ಮೊಣಕೈ ಒತ್ತಿ ನೋಡಿದಳು. ಒದ್ದಾಡುವ ಮಗುವಿನ ನರ ದಾರದ ಹಾಗೆ ಸಣ್ಣಗಾಗಿಬಿಡುತ್ತೆ. ಸಿಗ್ತಿಲ್ಲ ಅಂದಳು. ಅಕ್ಕ ಆಗಲೇ ಚೀಲದ ಮೇಲೆ ಕೈ ಇಟ್ಟುಕೊಂಡಿದ್ದಳು.

ಅಕ್ಕ ಬಂದಿದ್ದನ್ನು ನೋಡಿ ಹುಡುಗಿಯ ಭುಜ ಸ್ವಲ್ಪ ಇಳಿಯಿತು. ನಿಜವಾಗಿ ಇಳಿಯಿತು, ನಾನು ನೋಡಿದೆ. ಈ ಅಜ್ಜಿ ಬಂದಳು ಅಂದರೆ ಇನ್ನು ಸೂಜಿ ಮುಂದಕ್ಕೆ ಹೋಯಿತು ಅಂತ ಅವಳ ನಂಬಿಕೆ. ಮಾಸ್ಕಿನೊಳಗಿಂದ ಒಂದೊಂದೇ ಪದ ಬಂತು, "ಮೊದಲು... ಮದ್ದು... ಅಲ್ವಾ ಅಜ್ಜಿ?"

"ಇಲ್ಲ ಪುಟ್ಟ," ಅಂದಳು ಅಕ್ಕ. "ಇವತ್ತು ಮೊದಲು ಸೂಜಿ."

ಆ ಮಗು ಅವಳನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನನ್ನ ಕೈಲಿ ಹೇಳೋಕಾಗಲ್ಲ. ಅಪ್ಪ ಕಾಲು ಹಿಡಿದ, ನರ್ಸು ಭುಜ ಹಿಡಿದಳು. ಮೊದಲ ಚುಚ್ಚಿಗೆ ಹುಡುಗಿ ಕೈ ಎಳೆದುಕೊಂಡಳು, ನರ ಜಾರಿತು. ಎರಡನೇ ಸಲ ಇನ್ನೊಂದು ಕೈಗೆ. ಕಿರುಚೋಕೆ ಅವಳಿಗೆ ಗಾಳಿ ಇರಲಿಲ್ಲ, ಬಾಯಿ ತೆರೆದು ದನಿ ಇಲ್ಲದೆ ಅಳುತ್ತಿದ್ದಳು. ಅಕ್ಕ ಎಂದಿನಂತೆ ಒಂದು, ಎರಡು ಅಂತ ಎಣಿಸಿದಳು. ಐದು ದಾಟಿತು. ಆರು, ಏಳು, ಎಂಟು. ಒಂಬತ್ತಕ್ಕೆ ಟ್ಯೂಬು ತುಂಬಿತು. ಅದರ ಬೆನ್ನಲ್ಲೇ ಸಿರಪ್ ಹೊಟ್ಟೆಗೆ ಹೋಯಿತು. ಸೂಜಿ ಹೊರಗೆ ಬಂದ ಮೇಲೂ ಅಕ್ಕನ ಬೆರಳು ಹತ್ತಿಯ ಮೇಲೆ ಒತ್ತಿಕೊಂಡೇ ಇತ್ತು. ಹುಡುಗಿ ಆ ಕೈಯನ್ನು ಇನ್ನೊಂದು ಕೈಯಿಂದ ತಳ್ಳಿದಳು.

ಚೀಟಿಯ ಮೇಲೆ ಅಕ್ಕ ಟೋಕನ್ ಹೊತ್ತನ್ನು ಹೊಡೆದುಹಾಕಿ ಗೋಡೆಯ ಗಡಿಯಾರ ನೋಡಿ ಬರೆದಳು, ಹತ್ತು ಗಂಟೆ ಹನ್ನೊಂದು ನಿಮಿಷ. ನಾನು ನೂರು ಎಣಿಸಿದೆ. ನಂಬಿಕೆ ಬರದೆ ಇನ್ನೂ ನೂರು, ಮತ್ತೂ ನೂರು ಎಣಿಸಿದೆ. ಯಾರೂ ನನ್ನನ್ನು ಮಾತಾಡಿಸಲಿಲ್ಲ. ನೂರಕ್ಕೆ ಹದಿನಾಲ್ಕು. ಗಾಜಿನ ತುಂಬ ಕಿತ್ತಳೆ ಕಾಳು. ಡಾಕ್ಟರಮ್ಮ ಆಮೇಲೆ ಬಂದ ಹುಡುಗಿಯ ಅಮ್ಮನನ್ನೇ ಲ್ಯಾಬಿಗೆ ಕರೆತಂದು ನನ್ನ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಆಯಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ ಮದ್ದಿನ ಚೀಟಿ ಇಸಕೊಂಡು ಮಡಿಸಿ ಇಟ್ಟುಕೊಂಡಳು, ಮತ್ತೆ ಆ ವಿಷಯಕ್ಕೆ ತಕರಾರು ತೆಗೆಯಲಿಲ್ಲ.

ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಮೇಲಿನವರು ಒಂದು ನೋಟೀಸು ಕೊಟ್ಟರು, ನನಗೂ ಒಂದು ಕೊಟ್ಟರು, ಚೀಟಿಯಲ್ಲಿ ಚುಚ್ಚಿದ ಹೊತ್ತಿಗೆ ಒಂದು ಖಾನೆ ಬಂತು. ಡಾಕ್ಟರಮ್ಮ ಮೊದಲಿಂದ ಶುರು ಮಾಡಿದರು. ಈಗ ಉಬ್ಬಸದ ಮಕ್ಕಳು ಬಂದರೆ ಅಕ್ಕ ನಿಯಮದ ಪ್ರಕಾರ ಮೊದಲೇ ತೆಗೆಯುತ್ತಾಳೆ. ಪ್ರತಿ ಸಲವೂ ಮಗುವಿನ ತುಟಿಯ ಬಣ್ಣ ನೋಡುತ್ತಾ ತೆಗೆಯುತ್ತಾಳೆ. ಮಧ್ಯಾಹ್ನ ಊಟಕ್ಕೆ ಬರುವುದನ್ನು ನಿಲ್ಲಿಸಿದಳು, ಹಸಿವಿಲ್ಲ ಕಣಪ್ಪ ಅನ್ನುತ್ತಾಳೆ. ಭಾನುವಾರ ತಮ್ಮನ ಮನೆಗೆ ಹೋದೆಯಾ ಅಂದರೆ, ಇಲ್ಲ, ನಿದ್ದೆ ಮಾಡೋರನ್ನು ನೋಡೋಕೆ ಅಷ್ಟು ದೂರ ಯಾಕೆ ಅಂದಳು. ಹೀಗೆಲ್ಲ ಮಾತಾಡುವವಳಾಗಿರಲಿಲ್ಲ ಅವಳು. ಗೂಡಿನ ಆಚೆ ಮಕ್ಕಳ ಅಳು ನಿಂತ ಮೇಲೆ ಬರೀ ಕುರ್ಚಿಯ ಕಿರುಗುಟ್ಟುವ ಸದ್ದು ಕೇಳುತ್ತಿತ್ತು. ನಾನು ಏನಾದರೂ ಹೇಳಬೇಕಿತ್ತು. ಜಗಳ ಆಡೋಕೆ ನನಗೆ ಸಾವಿರ ಮಾತು ಸಿಗುತ್ತೆ, ಇಂಥದ್ದಕ್ಕೆ ಒಂದೂ ಸಿಗಲ್ಲ.

ಮೂರು ತಿಂಗಳಾದ ಮೇಲೆ ಮಾತಿನಮಲ್ಲಿ ತಪಾಸಣೆಗೆ ಬಂದಳು. ಇನ್ನೊಮ್ಮೆ ಲೆಕ್ಕ ನೋಡಬೇಕು ಅಂತ ಡಾಕ್ಟರಮ್ಮ ಟೋಕನ್ ಬರೆದಿದ್ದರು. ಅಕ್ಕನಿಗೆ ಅದು ಬೆಳಿಗ್ಗೆಯೇ ಗೊತ್ತಾಗಿತ್ತು. ಎರಡು ಸಲ ಚೀಲದ ನೀರು ಬದಲಾಯಿಸಿದ್ದು ನನಗೆ ಗೂಡಿನಲ್ಲಿ ಕೇಳಿಸಿತು. ಹನ್ನೊಂದರ ಹೊತ್ತಿಗೆ ಕಾರಿಡಾರಿನಲ್ಲಿ ಪಟಪಟ ಮಾತು ಹತ್ತಿರ ಬಂತು. ಶಾಲೆಯ ವಿಷಯ, ಯಾರೋ ಯಾರನ್ನೋ ತಳ್ಳಿದ ವಿಷಯ. ಬಾಗಿಲ ಹತ್ತಿರ ಬಂದಾಗ ಮಾತು ನಿಂತಿತು. ಆಮೇಲೆ ಹುಡುಗಿ ಕಿರುಚಿದಳು. ಎಂಥ ಕಿರುಚು ಅಂದರೆ ನನ್ನ ಕೈಯಲ್ಲಿದ್ದ ಗಾಜು ಕೆಳಗೆ ಬಿತ್ತು. ಬೇಡ, ಆ ಅಜ್ಜಿ ಬೇಡ ಅಂತ ಕಿರುಚುತ್ತಾ ಕಾರಿಡಾರಿನ ಉದ್ದಕ್ಕೂ ಓಡಿದಳು, ಅಮ್ಮ ಹಿಂದೆ ಓಡಿದಳು. ಕೊನೆಗೆ ಎರಡನೇ ಕುರ್ಚಿಯವಳು ಟ್ರೇ ಹಿಡಿದುಕೊಂಡು ಮೆಟ್ಟಿಲ ಹತ್ತಿರವೇ ಹೋಗಿ ತೆಗೆದಳಂತೆ.

ನಾನು ಆ ಕಡೆ ಹೋದೆ. ದಾರಿಯಲ್ಲಿ ಒಂದೆರಡು ಸಮಾಧಾನದ ಮಾತು ಜೋಡಿಸಿಕೊಂಡೂ ಹೋಗಿದ್ದೆ. ಅಕ್ಕ ತನ್ನ ಕುರ್ಚಿಯಲ್ಲೇ ಕೂತಿದ್ದಳು, ಎರಡೂ ಕೈ ಬಿಸಿ ಚೀಲದ ಮೇಲೆ.

ಮಕ್ಕಳು ಮರೀತಾವೆ ಬಿಡಕ್ಕ, ಅಂದೆ.

"ಅದಿರಲಿ," ಅಂದಳು. "ಕೇಳಿಸಿಕೊಂಡೆಯಾ ನೀನು? ಈ ಬಾಗಿಲಿಂದ ಮೆಟ್ಟಿಲ ತನಕ ಓಡ್ತಾ ಓಡ್ತಾ ಒಂದೇ ಉಸಿರಲ್ಲಿ ಕಿರುಚಿದಳು. ನಡುವೆ ಎಲ್ಲೂ ಕಟ್ಟಲಿಲ್ಲ."

ಇಷ್ಟು ಹೇಳಿ ಅತ್ತಳು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅಕ್ಕ ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ. ನಾನು ಎರಡನೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.